ಮೂರೂವರೆ ಇಂಚಿನ ಮೊಳೆ

ಪ್ರೀತಿಯಲ್ಲಿ ಅಳತೆ ತಪ್ಪುವುದು ನನ್ನ ಹುಟ್ಟುಗುಣ. ಯಾರಿಗಾದರೂ ಬುತ್ತಿ ಕಟ್ಟಿಕೊಟ್ಟರೆ, ಬಿಚ್ಚುವುದಕ್ಕೆ ಕತ್ತರಿಯೇ ಬೇಕು, ಅಷ್ಟು ಗಂಟು ಹಾಕಿರುತ್ತೇನೆ. ನೆಂಟರ ಕಾಫಿಗೆ ನನ್ನ ಕೈಯಿಂದ ಸಕ್ಕರೆ ಒಂದು ಚಮಚ ಹೆಚ್ಚೇ ಬೀಳುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಎಂಬುದು ಅವರು ಲೋಟ ಕೆಳಗಿಟ್ಟ ಮೇಲೆ ನೆನಪಾಗುತ್ತದೆ. ಈ ಗುಣ ಒಂದು ಮರದ ಗೋಡೆಯ ಮೇಲೂ ತನ್ನ ಕೈಚಳಕ ತೋರಿಸೀತೆಂದು ಮಾತ್ರ ನಾನು ಎಣಿಸಿರಲಿಲ್ಲ.

ನನ್ನ ಹೆಂಡತಿ ನಾಗರತ್ನ ಹಿನಕಲ್ಲಿನ ನಮ್ಮ ಬೀದಿಗೆಲ್ಲ ರವಿಕೆ ಹೊಲಿದು ಕೊಡುತ್ತಿದ್ದವಳು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಕತ್ತರಿ ಹಿಡಿದರೆ ಕೈ ನಡುಗುತ್ತದೆಂದು ಬಂದಿದ್ದ ಬಟ್ಟೆಗಳನ್ನೆಲ್ಲ ವಾಪಸು ಕಳಿಸಿ, ಹೊಲಿಗೆ ಯಂತ್ರಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿಬಿಟ್ಟಳು. ಮುಸುಕು ಹಾಕಿಕೊಂಡ ಆ ಯಂತ್ರವನ್ನು ದಿನವೂ ದಾಟಿ ಓಡಾಡುವುದು ನನ್ನಿಂದ ಆಗಲಿಲ್ಲ. ಮಹಡಿಯ ಮೇಲೆ ಗಾಳಿ, ಬೆಳಕು ಇರುವ ಪುಟ್ಟ ಮರದ ಕೋಣೆ ಮಾಡಿಸಿಕೊಟ್ಟರೆ ಮತ್ತೆ ಕೂತಾಳು ಅನ್ನಿಸಿತು. ಅವಳು ಬೇಡ ಅನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ.

ಬಡಗಿ ಸಿದ್ದರಾಜು ಚೌಕಟ್ಟು ನಿಲ್ಲಿಸಿ, ಒಳಮೈಗೆ ತೆಳು ಪ್ಲೈವುಡ್ ಹೊಡೆದು, ಹೊರಗೋಡೆಯ ಹಲಗೆಗಳನ್ನು ಕೊಯ್ದು ಜೋಡಿಸಿಟ್ಟು, ಮಗಳ ಹೆರಿಗೆಯೆಂದು ಊರಿಗೆ ಹೋದ. ಇತ್ತ ಮೋಡ ಕಟ್ಟತೊಡಗಿತು. ನಾಗರತ್ನ ಮೂರು ದಿನದ ಮಟ್ಟಿಗೆ ಮಂಡಕಳ್ಳಿಯ ತಂಗಿಯ ಮನೆಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಹಲಗೆ ಹೊಡೆದು ಮುಗಿಸಿಬಿಡುವುದೆಂದು ನಾನೇ ಹೊರಟೆ. ಕಚೇರಿಯಲ್ಲಿ ಕಡತಗಳ ನಡುವೆಯೇ ನಿವೃತ್ತನಾದ ನಾನು ಅದುವರೆಗೆ ಗುಂಡುಸೂಜಿಗಿಂತ ದೊಡ್ಡದನ್ನು ಯಾವುದಕ್ಕೂ ಚುಚ್ಚಿದವನಲ್ಲ.

ಲಷ್ಕರ್ ಮೊಹಲ್ಲಾದ ಹಾರ್ಡ್‌ವೇರ್ ಅಂಗಡಿಯಲ್ಲಿ ತುಕ್ಕು ಹಿಡಿಯದ ಮೊಳೆ ಕೇಳಿದೆ. ಎಷ್ಟು ಇಂಚು ಎಂದರು ಅಂಗಡಿಯ ಹಿರಿಯರು. ಮೊಳೆಗೆ ಇಂಚಿನ ಲೆಕ್ಕ ಇರುತ್ತದೆಂದು ತಿಳಿದದ್ದೇ ಆಗ. ಅವರೇ ಹಲಗೆಯ ದಪ್ಪ, ಚೌಕಟ್ಟಿನ ದಪ್ಪ ವಿಚಾರಿಸಿದರು. ಮುಕ್ಕಾಲು ಇಂಚಿನ ಹಲಗೆ ದಾಟಿ ಮೊಳೆ ಚೌಕಟ್ಟಿನ ಮರವನ್ನು ಚೆನ್ನಾಗಿ ಕಚ್ಚಬೇಕು, ಆದರೆ ಅದನ್ನು ದಾಟಿ ಹೋಗಬಾರದು ಎಂದು ವಿವರಿಸಿ, “ಎರಡಿಂಚು ಸಾಕು ಸಾರ್. ಇನ್ನೂ ಉದ್ದ ತಗೊಂಡ್ರೆ ಆ ಕಡೆಗೆ ಬಂದ್ಬುಡುತ್ತೆ” ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುತ್ತಲೇ, ಗಾಳಿಗೆ ಹಲಗೆ ಕಿತ್ತುಬಂದು ಮೊದಲೇ ಹೆದರಿದವಳು ಇನ್ನಷ್ಟು ಹೆದರಿದರೆ ಎಂದು ಯೋಚಿಸಿ ಮೂರೂವರೆ ಇಂಚಿನದನ್ನು ಕಟ್ಟಿಸಿಕೊಂಡೆ.

ಮೂರು ದಿನ ಹೊರಗೆ ನಿಂತು ಹೊಡೆದೆ. ಸರಿಯಾಗಿ ಕೂತವು ಕೆಲವು, ಬಾಗಿದವು ಕೆಲವು, ನನ್ನ ಹೆಬ್ಬೆರಳಿಗೆ ಬಿದ್ದ ಏಟುಗಳು ಬೇರೆ. ಕೋಣೆಯ ಒಳಗೆ ಇಣುಕಿ ನೋಡುವ ಬುದ್ಧಿ ಒಮ್ಮೆಯೂ ಬರಲಿಲ್ಲ.

ನಾಗರತ್ನ ಬಂದವಳನ್ನು ಚೀಲ ಇಡಲೂ ಬಿಡದೆ ಮೇಲಕ್ಕೆ ಕರೆದುಕೊಂಡು ಹೋಗಿ ಬಾಗಿಲು ತೆರೆದೆ. ಒಳಗೋಡೆಯೆಲ್ಲ ಹಲಸಿನಹಣ್ಣಿನ ಸಿಪ್ಪೆಯಾಗಿತ್ತು. ಸಾಲುಸಾಲಾಗಿ, ಒಂದೊಂದು ಇಂಚು ಹೊರಗೆ ಬಂದ ಮೊಳೆಯ ತುದಿಗಳು. ಇನ್ನು ಇವಳು ಈ ಕೋಣೆಯ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡೆ.

“ಇಷ್ಟುದ್ದ ಯಾಕ್ರೀ?” ಎಂದಳು.

“ಬೀಳಬಾರದು ಅಂತ ಕಣೇ.”

ಅವಳು ನನ್ನ ಊದಿದ ಹೆಬ್ಬೆರಳನ್ನೇ ಸ್ವಲ್ಪ ಹೊತ್ತು ನೋಡಿದಳು. “ಬಿದ್ದೋಳು ನಾನು. ಗೋಡೆಗೆ ಯಾಕೆ ಮೊಳೆ ಹೊಡೆದ್ರಿ?” ಎಂದಳು. ಹೇಳುತ್ತ ಹೇಳುತ್ತಲೇ ಅವಳಿಗೆ ನಗು ಬಂತು. ಕೈ ಮುರಿದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನನ್ನ ಕಣ್ಣು ಒದ್ದೆಯಾದದ್ದಕ್ಕೆ ಹೆಬ್ಬೆರಳಿನ ಮೇಲೆ ತಪ್ಪು ಹೊರಿಸಿದೆ.

ಮಾರನೆಯ ಬೆಳಿಗ್ಗೆ ಮೇಲಿನಿಂದ ಯಾವ ಸದ್ದೂ ಇಲ್ಲವೆಂದು ಹತ್ತಿ ಹೋದೆ. ನೂಲಿನ ಡಬ್ಬ ತಂದಿಟ್ಟುಕೊಂಡು ಅವಳು ಒಂದೊಂದು ಮೊಳೆಗೆ ಒಂದೊಂದು ನೂಲಿನ ಉಂಡೆ ಸಿಕ್ಕಿಸುತ್ತಿದ್ದಳು. ಕೆಂಪಿನ ಪಕ್ಕ ಕುಂಕುಮದ ಬಣ್ಣ, ಅದರ ಪಕ್ಕ ಕಿತ್ತಳೆ. ಬಲಗೈಯಲ್ಲೇ ಸಿಕ್ಕಿಸುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಸದ್ದಾಗದಂತೆ ಇಳಿದು ಬಂದೆ. ಅದೇ ವಾರ ಯಂತ್ರ ಮಹಡಿ ಹತ್ತಿತು. ಊರಿಂದ ಬಂದ ಸಿದ್ದರಾಜು ಗೋಡೆ ನೋಡಿ ಹಣೆ ಹಣೆ ಚಚ್ಚಿಕೊಂಡ. ಎಲ್ಲ ಕಿತ್ತು ಹೊಸದಾಗಿ ಹೊಡೆಯುತ್ತೇನೆಂದ. ಮೈಗೆ ತಾಗುವಂಥವನ್ನು ಕತ್ತರಿಸಿದರೆ ಸಾಕು, ಯಂತ್ರದ ಎದುರಿನ ಸಾಲುಗಳನ್ನು ಮುಟ್ಟಕೂಡದು ಎಂದು ಅವಳು ಕಟ್ಟುನಿಟ್ಟು ಮಾಡಿದಳು. “ಎಂಗೋ ಆಯ್ತು, ಬುಡಿ ಸಾ. ಇನ್ನೊಂದು ಸಲ ನೀವು ಸುತ್ತಿಗೆ ಮುಟ್ಟಬೇಡಿ” ಎಂದು ನನಗೆ ಹೇಳಿ ಹೋದ.

ಈಗ ರವಿಕೆ ಬಟ್ಟೆ ಕೊಡಲು ಬರುವವರೆಲ್ಲ ಮೊದಲು ಆ ಬಣ್ಣದ ಗೋಡೆಯನ್ನು ನೋಡಿ ನಿಲ್ಲುತ್ತಾರೆ. ಯಾರ ಯೋಚನೆ ಇದು ಎಂದು ಎದುರು ಮನೆಯವರು ಕೇಳಿದಾಗ ನಾಗರತ್ನ ಕತ್ತರಿಯಿಂದ ಕಣ್ಣೆತ್ತದೆ, “ನಮ್ಮ ಯಜಮಾನ್ರದು. ಅಳತೆ ನೋಡಿ ಮೊಳೆ ತಂದ್ರು” ಎಂದಳು. ನಾನು ಅಲ್ಲೇ ಇದ್ದೆ. ತಿದ್ದಬಹುದಿತ್ತು, ತಿದ್ದಲಿಲ್ಲ. ಬದಲಿಗೆ, ಮೊಳೆಯ ಉದ್ದವನ್ನು ಆರಿಸುವ ಬಗ್ಗೆ ಅವರಿಗೆ ಹತ್ತು ನಿಮಿಷ ವಿವರಿಸಿದೆ. ಅದರ ಫಲವಾಗಿ, ತಮ್ಮ ಮನೆಗೂ ಇಂಥದೊಂದು ಗೋಡೆ ಮಾಡಿಕೊಡಬೇಕೆಂದು ಅವರು ವಾರಕ್ಕೊಮ್ಮೆ ಬಂದು ಕೇಳುತ್ತಾರೆ. ಅಂದಿನಿಂದ ನನಗೆ ವಿಪರೀತ ಬೆನ್ನುನೋವು, ಅವರ ಮನೆಯ ಗೇಟು ತೆರೆದ ಸದ್ದಾದಾಗ ಮಾತ್ರ.