ಕಾಕಾನ ಗಾಡಿಗೆ ಫಿಲ್ಟರ್ ನೀರು

ಸುರಪುರದಲ್ಲಿ ಎಲ್ಲಕ್ಕಿಂತ ಸ್ವಚ್ಛವಾದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ನಮ್ಮ ಕಾಕಾನ ಕಾರು ಎಂದು ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಲೆಕ್ಕದಲ್ಲಿ ಕಾಕಾನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ. ಕಾರಿಗೆ ದಿನಾ ಸ್ನಾನ. ಕಾಕಾನಿಗೆ, ಕಾರಿನ ಸ್ನಾನ ಮುಗಿದು ಹೊತ್ತು ಉಳಿದರೆ.

ಕಾಕಾ ಎಂದರೆ ನಮ್ಮಪ್ಪನ ಕೊನೆಯ ತಮ್ಮ. ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಸಾಹೇಬರ ಜೀಪು ಓಡಿಸಿ ನಿವೃತ್ತನಾದವನು. ನಿವೃತ್ತಿಯಾದ ಮೇಲೆ ಜನ ಹೊಲ ನೋಡಿಕೊಳ್ಳುತ್ತಾರೆ, ತೀರ್ಥಯಾತ್ರೆಗೆ ಹೋಗುತ್ತಾರೆ, ಇಲ್ಲವೇ ಕಟ್ಟೆಯ ಮೇಲೆ ಕೂತು ಸರ್ಕಾರಕ್ಕೆ ಬುದ್ಧಿ ಹೇಳುತ್ತಾರೆ. ಕಾಕಾ ಯಾರೋ ಓಡಿಸಿ ಬಿಟ್ಟ ಬಿಳಿ ಕಾರೊಂದನ್ನು ಕೊಂಡು ತಂದು, ಅದನ್ನು ತೊಳೆಯಲು ಶುರು ಮಾಡಿದ. ನಾಲ್ಕು ವರ್ಷವಾಯಿತು, ಇನ್ನೂ ತೊಳೆಯುತ್ತಲೇ ಇದ್ದಾನೆ.

ಆ ಕಾರಿನಲ್ಲಿ ನಾನು ಕೂತಿದ್ದೇನೆ. ನನ್ನ ಗಂಡ ಒಮ್ಮೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಾರೆ. ಒಮ್ಮೆಯೂ ಕೂರದವಳು ಒಬ್ಬಳೇ: ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ. ಸಂತೆಗೆ ನಡೆದುಕೊಂಡೇ ಹೋಗುತ್ತಾಳೆ, ಶಹಾಪುರದ ಮಗಳ ಮನೆಗೆ ಬಸ್ಸು ಹತ್ತುತ್ತಾಳೆ. ಸೀಟು ಮಾಸೀತೆಂದು ಕಾಕಾನೇ ಅವಳನ್ನು ಕೂರಿಸುವುದಿಲ್ಲ ಎಂದು ಓಣಿಯೆಲ್ಲ ನಂಬಿತ್ತು. ನಾನೂ ನಂಬಿದ್ದೆ. ಕಾಕಾನ ಮೇಲೆ ಆ ಒಂದು ವಿಷಯಕ್ಕೆ ನನಗೆ ನಿಜವಾದ ಸಿಟ್ಟೇ ಇತ್ತು. ಉಳಿದ ವಿಷಯಗಳಿಗೆ ನಗು.

ಸ್ನಾನದ ಕ್ರಮ ಕೇಳಿ. ಶುರುವಾಗುವುದು ಬೆಳಗಿನ ಐದೂವರೆಗೆ. ನಮ್ಮ ಕಡೆಯ ಬಿಸಿಲು ಏರಿದರೆ ಹಾಕಿದ ನೀರು ಹಾಕಿದಲ್ಲೇ ಆರಿ ಕಲೆ ಕೂರುತ್ತದಂತೆ. ಬಕೀಟು ಎರಡು, ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಿಸಲು. ನೆತ್ತಿಯಿಂದ ತೊಳೆಯುತ್ತ ಇಳಿಯಬೇಕು, ಗಾಲಿ ಎಲ್ಲಕ್ಕೂ ಕೊನೆಗೆ. ನಾನೊಮ್ಮೆ ಉಪಕಾರ ಮಾಡಲು ಹೋಗಿ ಗಾಲಿಯಿಂದ ಶುರು ಮಾಡಿಬಿಟ್ಟೆ.

"ಏ ತಂಗಿ, ಕಾಲ ತೊಳದ ನೀರಿಲೆ ನೀ ಮಾರಿ ತೊಳ್ಕೋತಿಯೇನು?"

"ಇಲ್ಲ ಕಾಕಾ."

"ಮತ್ತ ಗಾಡಿ ಏನು ಪಾಪ ಮಾಡೈತಿ?"

ಗಾಡಿಯ ಪಾಪಪುಣ್ಯದ ಬಗ್ಗೆ ನನಗೆ ಏನೂ ಗೊತ್ತಿಲ್ಲದ್ದರಿಂದ ಮತ್ತೆ ನೆತ್ತಿಯಿಂದ ಶುರು ಮಾಡಿದೆ. ಬಟ್ಟೆಯ ವಿಷಯದಲ್ಲಂತೂ ಕಾಕಾ ಇನ್ನೂ ಕಟ್ಟುನಿಟ್ಟು. ಯಾವ ಬಟ್ಟೆಯನ್ನೂ ಮೊದಲು ತನ್ನ ಗಲ್ಲಕ್ಕೆ ಉಜ್ಜಿ ನೋಡಿ, ಗಲ್ಲ ಒಪ್ಪಿದರೆ ಮಾತ್ರ ಕಾರಿಗೆ ಮುಟ್ಟಿಸುತ್ತಾನೆ. ಹಾಗೆ ಒಪ್ಪಿಗೆಯಾದವುಗಳಲ್ಲಿ ನನ್ನ ಗಂಡನ ಎರಡು ಬನಿಯನ್ನುಗಳೂ ಇದ್ದವು, ಎರಡೂ ಹೊಸವು. ಕೈ ಜಾರಿ ನೆಲಕ್ಕೆ ಬಿದ್ದ ಬಟ್ಟೆ ಮಾತ್ರ ಕಾರಿನ ಸೇವೆಯಿಂದ ವಜಾ. ಒಂದು ಮರಳಿನ ಕಾಳು ಅಂಟಿದ್ದರೂ ಬಣ್ಣದ ಮೇಲೆ ಗೀರು ಬೀಳುತ್ತದೆ. ವಜಾ ಆದವು ಅಡಿಗೆಮನೆಗೆ ವರ್ಗವಾಗಿ ಹೋಗುತ್ತವೆ, ಅಲ್ಲಿ ಚಿಗವ್ವ ಅವುಗಳಿಂದ ನೆಲ ಒರೆಸುತ್ತಾಳೆ.

ಶಾಂಪೂ ಕತೆಯೂ ಇದೆ. ಬಟ್ಟೆ ತೊಳೆಯುವ ಪುಡಿ ಹಾಕಿದರೆ ಪಾಲಿಶ್ ಕಿತ್ತು ಹೋಗುತ್ತದೆಂದು ಕಾಕಾ ಕಿರಾಣಿ ಅಂಗಡಿಗೆ ಹೋಗಿ ಶಾಂಪೂ ಪಾಕೀಟಿನ ಮಾಲೆಯನ್ನೇ ಕೊಳ್ಳುತ್ತಾನೆ. ಕಾಕಾನ ತಲೆಯ ಮೇಲೆ ಕೂದಲಿದ್ದುದನ್ನು ನೋಡಿದ ನೆನಪು ನನಗಿಲ್ಲ. ಅಂಗಡಿಯವನು ಒಂದು ವರ್ಷ ತಡೆದುಕೊಂಡು, ಕೊನೆಗೆ ತಡೆಯಲಾರದೆ ಕೇಳಿದನಂತೆ.

"ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಬೆಳ್ಯಾಕತ್ತಾವೇನ್ರಿ?"

ನೀರಿಗೆ ಬರೋಣ. ನಮ್ಮ ಬೋರಿನ ನೀರು ಹಂಡೆಗೆ ಸುಣ್ಣ ಬಳಿಯುವಂಥದ್ದು. ಅದು ಕಾರಿನ ಮೇಲೆ ಬಿದ್ದರೆ ಬಿಳಿ ಚುಕ್ಕೆ. ಕಾಕಾ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಣಿಯ ತುದಿಯ ಫಿಲ್ಟರ್ ನೀರಿನ ಘಟಕಕ್ಕೆ ಹೋಗುತ್ತಾನೆ. ಕಾರಿದ್ದೂ ಸೈಕಲ್ಲೇಕೆ? ಕಾರು ಒಯ್ದರೆ ಹೊಲಸಾಗುತ್ತದಲ್ಲ! ಹೋದ ಬೇಸಿಗೆಯಲ್ಲಿ ನಾನು ಯಾದಗಿರಿಯಿಂದ ಬಸ್ಸಿಳಿದು, ಒಣಗಿದ ಗಂಟಲಲ್ಲಿ ಮನೆ ಹೊಕ್ಕು, ಪಡಸಾಲೆಯಲ್ಲಿದ್ದ ಕ್ಯಾನು ಬಗ್ಗಿಸಿ ಒಂದು ಲೋಟ ಕುಡಿದೆ. ಕಾಕಾ ಓಡಿ ಬಂದ.

"ಅದು ಗಾಡಿದು! ಮಂದೀದು ಒಳಗ ಐತಿ ನೋಡು."

ಒಳಗೆ ಇದ್ದದ್ದು ಬೋರಿನ ನೀರು.

ಮೊಬೈಲು ಬಂದ ಮೇಲೆ ಕಾಕಾನ ವಿದ್ಯೆ ಇನ್ನೂ ಮೇಲಕ್ಕೇರಿತು. ಪಾಲಿಶ್ ಹಚ್ಚುವ ಮುನ್ನ ಒಂದು ಬಗೆಯ ಮೆತ್ತನೆಯ ಮುದ್ದೆಯನ್ನು ಬಣ್ಣದ ಮೇಲೆ ಉಜ್ಜಿದರೆ ಕಣ್ಣಿಗೆ ಕಾಣದ ಕೊಳೆಯೆಲ್ಲ ಅದಕ್ಕೆ ಅಂಟಿ ಬರುತ್ತದೆಂದು ಯಾವುದೋ ವಿಡಿಯೋದಲ್ಲಿ ನೋಡಿದ. ಆ ಮುದ್ದೆ ಸುರಪುರದಲ್ಲಿ ಸಿಗಬೇಕಲ್ಲ? ಶಹಾಪುರದಲ್ಲೂ ಸಿಗಲಿಲ್ಲ. ಅವತ್ತು ಚಿಗವ್ವ ಹೋಳಿಗೆಗೆಂದು ಮೈದಾ ಕಣಕ ನಾದಿ, ಎಣ್ಣೆ ಹಾಕಿ ಮುಚ್ಚಿಟ್ಟಿದ್ದಳು. ಕಾಕಾ ಅದನ್ನು ಗಲ್ಲಕ್ಕೆ ಉಜ್ಜಿ ನೋಡಿದ. ಗಲ್ಲ ಒಪ್ಪಿತು.

ಇಡೀ ಕಾರಿಗೆ ಕಣಕದ ಮಾಲೀಶು ಆಯಿತು. ಕೊಳೆ ಬಂತೋ ಇಲ್ಲವೋ, ಮರುದಿನ ಬೆಳಿಗ್ಗೆ ಇರುವೆಗಳು ಮಾತ್ರ ಬಂದವು. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಎರಡು ಸಾಲು, ಒಂದು ಹೋಗುವವರದು, ಒಂದು ಬರುವವರದು. ಎದುರು ಮನೆಯ ಮೇಕೆ ಎಡಗಡೆಯ ಬಾಗಿಲನ್ನು ಮನಸಿಟ್ಟು ನೆಕ್ಕುತ್ತಿತ್ತು. ಚಿಗವ್ವ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

"ಗಾಡಿಗಿ ಹೋಳಿಗಿ ಉಣಸ್ರಿ. ನಮಗೇನು, ರೊಟ್ಟಿ ಐತಿ," ಎಂದು ಒಳಗೆ ಹೋದಳು. ಮೇಕೆ ನೆಕ್ಕಿದ ಬಾಗಿಲು ಉಳಿದ ಬಾಗಿಲುಗಳಿಗಿಂತ ಹೆಚ್ಚು ಹೊಳೆಯುತ್ತದೆಂದು ಕಾಕಾ ನನಗೆ ಆಮೇಲೆ ಗುಟ್ಟಾಗಿ ಹೇಳಿದ.

ಆಯುಧ ಪೂಜೆಯಂದು ಊರಿನ ಗಾಡಿಗಳಿಗೆಲ್ಲ ಅರಿಸಿನ, ಕುಂಕುಮ, ವಿಭೂತಿ ಬಳಿದು ಗುರುತು ಸಿಗದಂತೆ ಮಾಡುತ್ತಾರೆ. ಕಾಕಾ ತನ್ನ ಕಾರಿನ ನಂಬರ್ ಪ್ಲೇಟಿಗೆ ಮಾತ್ರ ಒಂದು ಸಣ್ಣ ಬೊಟ್ಟು ಇಡುತ್ತಾನೆ. ಅರಿಸಿನದ ಕಲೆ ಬಿಳಿ ಬಣ್ಣದಿಂದ ಜನ್ಮದಲ್ಲಿ ಹೋಗುವುದಿಲ್ಲ. ಇಷ್ಟೇ ಹಚ್ಚಿದರೆ ದೇವರಿಗೆ ಸಿಟ್ಟು ಬಾರದೇ ಎಂದು ಕೇಳಿದೆ.

"ನಂಬರ್ ಕಾಣತೈತಲ್ಲ? ಯಾರ ಗಾಡಿ ಅಂತ ದೇವರಿಗಿ ಗುರ್ತ ಹತ್ತತೈತಿ."

ಒಮ್ಮೆ ಮಾತ್ರ, ಒಂದು ಮದುವೆಗೆಂದು, ಈ ಕಾರು ನನ್ನನ್ನು ಯಾದಗಿರಿಯವರೆಗೆ ಬಿಡಲು ಬಂತು. ಹತ್ತಿ ತುಂಬಿದ ಲಾರಿ ಕಂಡರೆ ಕಾಕಾ ಗಾಡಿ ಬದಿಗೆ ಹಾಕಿ, ಧೂಳು ಇಳಿಯುವವರೆಗೆ ಕಾಯುತ್ತಿದ್ದ. ಭತ್ತದ ಹುಲ್ಲಿನ ಟ್ರ್ಯಾಕ್ಟರ್ ಕಂಡರೂ ಕಾಯುತ್ತಿದ್ದ. ಶಹಾಪುರದಲ್ಲಿ ಮಲಗಿದ ಬುದ್ಧನ ಗುಡ್ಡ ಕಾಣುವಲ್ಲಿ ನಿಲ್ಲಿಸಿದಾಗ, ಪರವಾಗಿಲ್ಲ, ಕಾಕಾನಿಗೂ ಇಂಥದ್ದು ನೋಡುವ ಮನಸ್ಸಿದೆ ಎಂದುಕೊಂಡೆ. ಅವನು ಬುದ್ಧನಿಗೆ ಬೆನ್ನು ಹಾಕಿ ಬಂಪರ್ ಒರೆಸುತ್ತಿದ್ದ. ನಮ್ಮ ನಂತರ ಸುರಪುರ ಬಿಟ್ಟ ಎರಡು ಬಸ್ಸುಗಳು ನಮಗಿಂತ ಮೊದಲು ಯಾದಗಿರಿ ಮುಟ್ಟಿದವು. ಎರಡನೆಯದರಲ್ಲಿ ಚಿಗವ್ವ ಇದ್ದಳು. ನನ್ನ ಜೊತೆಗೇ ಹೊರಟವಳು, ಅದೇ ಮದುವೆಗೆ, ಬಸ್ಸಿನಲ್ಲಿ! ಅವತ್ತು ನನಗೆ ನಗು ಬರಲಿಲ್ಲ.

ಮೊನ್ನೆ ರಜೆಗೆ ಹೋದಾಗ ಇದನ್ನು ಕೇಳಿಯೇ ಬಿಡುವುದೆಂದು ಗಟ್ಟಿ ಮಾಡಿಕೊಂಡೆ. ಮಧ್ಯಾಹ್ನ ಚಿಗವ್ವನ ಜೊತೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆ.

"ಚಿಗವ್ವ, ಕಾಕಾ ನಿನಗ ಗಾಡ್ಯಾಗ ಕೂಡಬ್ಯಾಡ ಅಂದಾನೇನು? ಹೇಳು, ನಾ ಮಾತಾಡ್ತೀನಿ ಅವನ ಕೂಡ."

"ಬ್ಯಾಡಂತ ಎಂದೂ ಅಂದಿಲ್ಲ."

"ಮತ್ತ?"

"ಬಾ ಅಂತನೂ ಅಂದಿಲ್ಲ," ಎಂದು ಚಿಗವ್ವ ಒಂದು ಕಡ್ಡಿಯನ್ನು ಮುರಿದು ಬದಿಗೆ ಹಾಕಿದಳು.

ಆಮೇಲೆ ಹೇಳಿದಳು. ಮಗಳಿಗೆ ಆಗ ಎರಡು ವರ್ಷ. ಚಿಗವ್ವ ತವರಿನಿಂದ ಕೂಸನ್ನು ಎತ್ತಿಕೊಂಡು ಬಂದು ಡಾಂಬರು ರಸ್ತೆಯ ಕ್ರಾಸಿನಲ್ಲಿ ನಿಂತಿದ್ದಳು. ಉರಿಬಿಸಿಲು, ಬಸ್ಸಿನ ಸುಳಿವಿಲ್ಲ. ಅಷ್ಟರಲ್ಲಿ ಜೀಪು ಬಂತು. ಸಾಹೇಬರನ್ನು ಎಲ್ಲೋ ಬಿಟ್ಟು ಕಾಕಾ ಒಬ್ಬನೇ ಖಾಲಿ ಗಾಡಿಯಲ್ಲಿ ಸುರಪುರಕ್ಕೆ ಬರುತ್ತಿದ್ದ. ಇವಳು ಕೈ ಮಾಡಿದಳು. ಜೀಪು ನಿಧಾನವಾಯಿತು. ಕಾಕಾ ಇವಳ ಮುಖ ನೋಡಿದ, ಕೂಸಿನ ಮುಖ ನೋಡಿದ, ಆಮೇಲೆ ಹೋಗಿಬಿಟ್ಟ. ಸರ್ಕಾರದ ಗಾಡಿಯಲ್ಲಿ ಮನೆಯವರನ್ನು ಕೂರಿಸುವುದಿಲ್ಲ ಎಂಬುದು ಅವನು ಮೊದಲ ದಿನದಿಂದ ಹಾಕಿಕೊಂಡಿದ್ದ ನೇಮ. ಚಿಗವ್ವ ಕೂಸನ್ನು ಹೊತ್ತು ಸುರಪುರದವರೆಗೆ ನಡೆದಳು. ಮನೆ ಮುಟ್ಟಿದಾಗ ಕಾಕಾ ಅಂಗಳದಲ್ಲಿ ಜೀಪು ತೊಳೆಯುತ್ತಿದ್ದ. ಕೂಸನ್ನು ಮಲಗಿಸಿ, ಅವನಿಗೆ ನೀರು ಸೇದಿ ಕೊಟ್ಟಳು. ಅವನೂ ಮಾತಾಡಲಿಲ್ಲ, ಇವಳೂ ಮಾತಾಡಲಿಲ್ಲ. ಇವತ್ತಿನವರೆಗೂ ಆ ವಿಷಯ ಎತ್ತಿಲ್ಲ.

"ತಪ್ಪಂತ ನಾ ಅನ್ನಂಗಿಲ್ಲವ್ವ. ಸರ್ಕಾರದ ಗಾಡಿ ಅದು. ಆದ್ರ ಒಮ್ಮಿ ಕೈ ಮಾಡೀನಿ. ಇನ್ನೊಮ್ಮಿ ನಾನಾಗೇ ಕೈ ಮಾಡಂಗಿಲ್ಲ. ನಿಂದ್ರಿಸಿ ಹತ್ತು ಅಂದ್ರ ಹತ್ತತೀನಿ."

ಮರುದಿನ ಬೆಳಿಗ್ಗೆ ಕಾಕಾ ಬಾನೆಟ್ಟಿಗೆ ಪಾಲಿಶ್ ಹಚ್ಚುತ್ತಿದ್ದ. ನಾನು ಹೋಗಿ ಎದುರಿಗೆ ನಿಂತೆ.

"ಕಾಕಾ, ಚಿಗವ್ವನ್ನ ಯಾಕ ಗಾಡ್ಯಾಗ ಕೂಡಸಂಗಿಲ್ಲ ನೀ?"

ಅವನು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. "ಏನಂದಿ? ಮತ್ತ ಈ ಗಾಡಿ ಯಾರಿಗಂತ ತಗೊಂಡೀನಿ ನಾ? ಆಕಿಗೇ ತಗೊಂಡೀನಿ. ದಿನಾ ತೊಳದು ಬಾಗಲದಾಗ ನಿಂದ್ರಸ್ತೀನಿ. ಆಕಿಗಿ ಕಾಣಂಗಿಲ್ಲೇನು?"

"ಬಾ ಅಂತ ಕರದಿಯೇನು?"

"ಡ್ರೈವರ್ ಎಲ್ಲ್ಯಾದ್ರೂ ಕರೀತಾನೇನು ತಂಗಿ? ಮೂವತ್ತ ವರ್ಷ ಯಾ ಸಾಹೇಬರಿಗೂ ಬರ್ರಿ ಅಂದಿಲ್ಲ ನಾ. ತೊಳದು ರೆಡಿ ಇಡೂದು ನಮ್ಮ ಕೆಲಸ. ಹತ್ತೂದು ಅವರ ಮರ್ಜಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಸ್ತಿಲಿನ ಹೊರಗೆ ಒಬ್ಬ, ಆಕೆ ತಾನಾಗಿ ಬಂದು ಹತ್ತಲಿ ಎಂದು ನಾಲ್ಕು ವರ್ಷದಿಂದ ಗಾಡಿ ತೊಳೆಯುತ್ತಿದ್ದಾನೆ. ಹೊಸ್ತಿಲಿನ ಒಳಗೆ ಒಬ್ಬಳು, ಒಂದು ಮಾತು ಕೇಳಲಿ ಎಂದು ನಾಲ್ಕು ವರ್ಷದಿಂದ ಬಸ್ಸಿಗೆ ಹೋಗುತ್ತಿದ್ದಾಳೆ. ನಡುವೆ ಹತ್ತು ಹೆಜ್ಜೆ ಅಂಗಳ!

"ಕಾಕಾ, ಆಕಿ ನಿನ್ನ ಸಾಹೇಬ ಅಲ್ಲ. ಕ್ರಾಸಿನ್ಯಾಗ ಕೂಸಿನ್ನ ಎತ್ತಿಕೊಂಡು ಕೈ ಮಾಡಿದಾಕಿ."

ಕಾಕಾನ ಕೈಯಿಂದ ಬಟ್ಟೆ ನೆಲಕ್ಕೆ ಬಿತ್ತು. ಅವನು ಬಗ್ಗಿ ಅದನ್ನೇ ಎತ್ತಿಕೊಂಡ, ಅದರಿಂದಲೇ ಬಾನೆಟ್ಟು ಉಜ್ಜತೊಡಗಿದ. ಬಿದ್ದ ಬಟ್ಟೆ ಎಂದು ನಾನು ಹೇಳಲಿಲ್ಲ. ಅವನ ಕಣ್ಣುಗಳು ತುಂಬಿದ್ದವು.

ಆಗಲೇ ಚಿಗವ್ವ ಚೀಲ ಹಿಡಿದು ಹೊರಗೆ ಬಂದಳು. ಸಂತೆಯ ದಿನ. ಕಾರಿಗೆ ಸುತ್ತು ಹಾಕಿ, ತೊಳೆದ ನೀರಿನ ಕೆಸರು ತುಳಿದುಕೊಂಡು ಗೇಟಿನವರೆಗೆ ಹೋದಳು.

"ಏ, ನಿಂದ್ರು," ಎಂದ ಕಾಕಾ.

ನಿಂತಳು.

"ಅವತ್ತ ಗಾಡಿ ನಿಂದ್ರಸಬೇಕಿತ್ತು ನಾ. ನಿಂದ್ರಸಲಿಲ್ಲ. ತಪ್ಪಾತು." ಇಷ್ಟು ಹೇಳಿ ಮುಂದಿನ ಬಾಗಿಲು ತೆಗೆದು ಹಿಡಿದ. "ಬಾ, ಹತ್ತು."

ಚಿಗವ್ವ ತಿರುಗಿ ಬಂದು, ಕೆಸರುಗಾಲಲ್ಲೇ ಮುಂದಿನ ಸೀಟಿಗೆ ಹತ್ತಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಕಾಕಾ ಆ ಕಾಲುಗಳನ್ನು ನೋಡಿದರೂ ತುಟಿ ಎರಡು ಮಾಡಲಿಲ್ಲ. ನನ್ನನ್ನು ಯಾರೂ ಕರೆಯಲಿಲ್ಲ, ನಾನಾಗೇ ಹಿಂದೆ ಹತ್ತಿದೆ. ಈ ಮನೆಯಲ್ಲಿ ಕರೆಯಲಿ ಎಂದು ಕಾಯುವವರು ಮೊದಲೇ ಜಾಸ್ತಿ.

"ಸಂತಿಗೇನು?" ಕಾಕಾ ಕೇಳಿದ.

"ಸಂತಿ ಆಮ್ಯಾಲ. ಮೊದಲ ಆ ಕ್ರಾಸಿಗಿ ನಡೀರಿ."

ಕ್ರಾಸಿಗೆ ಹೋದೆವು. ಗಾಡಿ ತಿರುಗಿಸಿಕೊಂಡು ಮತ್ತೆ ಸುರಪುರದ ಕಡೆಗೆ ಹೊರಟೆವು. ಸ್ವಲ್ಪ ದೂರ ಬಂದ ಮೇಲೆ, ಕಾಲುವೆಯ ಸೇತುವೆಯ ಹತ್ತಿರ, ಚಿಗವ್ವ ಕಿಟಕಿಯ ಹೊರಗೆ ನೋಡುತ್ತ, "ಇಲ್ಲಿ ಕೂಸಿಗಿ ನೀರ ಕುಡಸಿದ್ದೆ," ಎಂದಳು. ಕಾಕಾ ಗಾಡಿ ನಿಲ್ಲಿಸಿದ. ಒಂದು ಗಳಿಗೆ ನಿಂತು ಮತ್ತೆ ಹೊರಟ. "ಇಲ್ಲಿ ಚಪ್ಪಲಿ ಹರಿದಿತ್ತು," ಎಂದಳು. ಅಲ್ಲೂ ನಿಲ್ಲಿಸಿದ. ಭತ್ತದ ಗದ್ದೆ ಮುಗಿದು ಒಂದು ಬೇವಿನ ಮರ ಬಂತು.

"ಇಲ್ಲಿ ಕುಂತು ಅತ್ತಿದ್ದೆ."

ಕಾಕಾ ಮರದ ಕೆಳಗೆ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿದ.

"ಇನ್ನ ನಡೀರಿ," ಎಂದಳು ಚಿಗವ್ವ, "ಮುಂದ ಎಲ್ಲಿಯೂ ಕುಂತಿಲ್ಲ ನಾ."

ಕಾಕಾ ಬಹಳ ಹೊತ್ತು ಗಾಡಿ ಚಾಲೂ ಮಾಡಲಿಲ್ಲ.