ಹಸಿರು ದೀಪದ ಸಾಕ್ಷಿ

ವಾದದಲ್ಲಿ ಗೆಲ್ಲುವವನಿಗೆ ಒಂದು ಕಷ್ಟವಿದೆ. ಗೆದ್ದಮೇಲೆ, ತಾನು ಹೇಳಿದ್ದು ನಿಜವೇ ಎಂದು ನೋಡುವ ಅಭ್ಯಾಸ ತಪ್ಪಿಹೋಗುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಸ್ಟೀಲ್ ಲೋಟಗಳಲ್ಲೇ ನಮ್ಮ ಮನೆಯವರು ಇವತ್ತಿಗೂ ಕಾಫಿ ಕುಡಿಯುತ್ತಾರೆ. ದೇವರು, ಜ್ಯೋತಿಷ್ಯ, ಬೆಕ್ಕು ಅಡ್ಡ ಬರುವುದು, ಯಾವುದನ್ನೂ ಪುರಾವೆಯಿಲ್ಲದೆ ಒಪ್ಪಿದವನಲ್ಲ ನಾನು.

ಮಧುಗಿರಿಯಲ್ಲಿ ಗೆಳೆಯ ಲೋಕೇಶನೂ ನಾನೂ ಆನ್‌ಲೈನ್ ಅರ್ಜಿ ತುಂಬಿಕೊಡುವ ಪುಟ್ಟ ಕಚೇರಿ ನಡೆಸುತ್ತೇವೆ. ಇಂಟರ್‌ನೆಟ್ ಹೋದಾಗಲೆಲ್ಲ, ಮಿಡಿಗೇಶಿಯಿಂದ, ಪುರವರದಿಂದ ಬಸ್ಸು ಹತ್ತಿ ಬಂದವರು ನಮ್ಮ ಮುಖ ನೋಡುತ್ತ ಕೂರುತ್ತಿದ್ದರು. ಅದಕ್ಕೇ ಎರಡನೇ ಲೈನು ಹಾಕಿಸಿ, ಒಂದು ಸತ್ತರೆ ಇನ್ನೊಂದು ತಾನಾಗಿ ಎದ್ದು ಬರುವಂತೆ ರೂಟರಿಗೆ ನಾನೇ ಹೇಳಿಕೊಟ್ಟೆ. ಮೊದಲನೆಯದರ ಮೋಡೆಮ್ಮಿನಿಂದ ರೂಟರಿಗೆ ಬರುವ ವೈರು ಕಿತ್ತು ತೋರಿಸಿದೆ. ಎರಡನೆಯದು ಬಂತು.

“ಈ ರೂಟರು ಪಕ್ಕದಾಗಿರೋ ಮೋಡೆಮ್ ನೋಡ್ಕಂಡು ಲೈನ್ ಐತೆ ಅಂತದೆ ಕಣ್ಲಾ. ಬೀದೀಲಿ ವೈರ್ ಕಡಿದ್ರೆ ಇದಕ್ಕೆ ಹೆಂಗ್ ಗೊತ್ತಾಯ್ತದೆ?” ಎಂದ ಲೋಕೇಶ.

“ಗೊತ್ತಾಗಲ್ಲ ಅನ್ನೋದಕ್ಕೆ ಪುರಾವೆ ಕೊಡು,” ಎಂದೆ. ಅವನು ತಲೆ ಕೊಡವಿ ಅರ್ಜಿಗಳ ಕಡೆ ತಿರುಗಿದ. ನಾನು ಗೆದ್ದೆ.

ಪುರಾವೆ ಬಂದದ್ದು ಬಾಷಾ ಚಾಚಾ ಬಂದ ದಿನ. ಅವರು ಶಿರಾದ ಕಡೆಯವರು, ನಮ್ಮ ಪಕ್ಕದಲ್ಲೇ ಬೀಗ ರಿಪೇರಿ ಅಂಗಡಿ. ಗಲ್ಫಿನಲ್ಲಿ ಡ್ರೈವರಾಗಿದ್ದ ಅವರ ತಮ್ಮ ತೀರಿಕೊಂಡಿದ್ದ. ಮಣ್ಣು ಮಾಡುವುದೂ ಅಲ್ಲೇ. ಹೆಣ ಎತ್ತುವ ಮುನ್ನ ಜೊತೆಗಾರರು ವಿಡಿಯೋದಲ್ಲಿ ಮುಖ ತೋರಿಸುತ್ತಾರಂತೆ.

“ಬೆಟ್ಟದ ಮಗ್ಗುಲು, ಮೊಬೈಲ್ನಾಗೆ ಬರೀ ಸುತ್ತುತ್ತೆ ಬೇಟಾ. ನಿಮ್ದು ಎರಡು ಲೈನ್ ಐತಲ್ಲ.”

ಕೂರಿಸಿದೆ. ಕರೆ ಬಂತು, ಬಿಳಿ ಬಟ್ಟೆಯ ಅಂಚು ಕಂಡಿತು, ಚಿತ್ರ ನಿಂತುಹೋಯಿತು.

“ಲೈನ್ ಹೋಯ್ತು,” ಎಂದ ಲೋಕೇಶ.

“ಹೋಗಿಲ್ಲ, ರೂಟರಿನ ಹಸಿರು ದೀಪ ನೋಡು. ಆ ಕಡೆಯವರ ಫೋನ್ದೇ ತೊಂದ್ರೆ.”

“ಲೇ, ಕಿತ್ತಾದ್ರೂ ನೋಡಾನ ಬುಡ್ಲಾ!”

“ಇರೋ ಲೈನ್ ಯಾಕೆ ಕೀಳ್ತೀಯಾ?”

ಚಾಚಾ ನಮ್ಮಿಬ್ಬರನ್ನೂ ಸರದಿಯಂತೆ ನೋಡುತ್ತಿದ್ದರು. ನಾನು ಇನ್ನೂ ಅಂಶಗಳನ್ನು ಮಂಡಿಸುತ್ತಿರುವಾಗಲೇ ಲೋಕೇಶ ವೈರು ಕಿತ್ತೇಬಿಟ್ಟ. ಎರಡನೇ ಲೈನು ತಕ್ಷಣ ಬಂತು. ಅಷ್ಟರಲ್ಲಿ ಮುಖ ಮುಚ್ಚಿ, ಮಂಚ ಹೆಗಲೇರಿ ಹೊರಟಿತ್ತು. ಪರದೆಯ ತುಂಬ ಬೆನ್ನುಗಳು.

ಬೀದಿಯ ಕೊನೆಯಲ್ಲಿ ಚರಂಡಿ ಅಗೆಯುವವರು ವೈರು ಕಡಿದಿದ್ದರು. ಒಳಗೆ ದೀಪ ಮಾತ್ರ ಹಸಿರಾಗಿಯೇ ಉರಿಯುತ್ತಿತ್ತು.

ಚಾಚಾ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಟೋಪಿ ಸರಿಮಾಡಿಕೊಂಡು, “ಎರಡ್ನೇದು ಚೆನ್ನಾಗೇ ಇತ್ತಲ್ಲ ಬೇಟಾ, ಯಾಕೆ ಬರ್ಲಿಲ್ಲ?” ಎಂದರು.

“ಮೊದಲ್ನೇದು ಬದುಕಿದೆ ಅಂತ ರೂಟರ್ ಅಂದ್ಕೊಂಡಿತ್ತು ಚಾಚಾ.”

“ನಂದೂ ಅಂಗೇ ಆಯ್ತು. ಹಬ್ಬಕ್ಕೆ ಫೋನ್ ಮಾಡಾನ ಅಂತಿದ್ದೆ. ಎಲ್ಲೋಯ್ತಾನೆ, ಇದಾನಲ್ಲ ಅಂತ ಸುಮ್ಕಾಗ್ಬುಟ್ಟೆ.”

ಅವರು ಹೋದಮೇಲೆ ನಾನು ರೂಟರಿನ ಸೆಟ್ಟಿಂಗ್ ತೆರೆದು ಕೂತೆ.

ಈಗ ನಮ್ಮ ರೂಟರು ಪಕ್ಕದ ಮೋಡೆಮ್ಮಿನ ಮಾತು ನಂಬುವುದಿಲ್ಲ. ಎಲ್ಲೋ ದೂರದ ಯಂತ್ರವೊಂದನ್ನು ಬಿಡದೆ “ಇದ್ದೀಯಾ?” ಎಂದು ಕೇಳುತ್ತಿರುತ್ತದೆ. ಉತ್ತರ ಬರದಿದ್ದರೆ ವಾದಕ್ಕೆ ನಿಲ್ಲದೆ ಇನ್ನೊಂದು ದಾರಿ ಹಿಡಿಯುತ್ತದೆ. ಅಷ್ಟು ಬುದ್ಧಿಯನ್ನು ಅದಕ್ಕೆ ಹೇಳಿಕೊಟ್ಟವನು ನಾನೇ. ನನಗೆ ಹೇಳಿಕೊಡುವವರನ್ನು ಲೋಕೇಶ ಇನ್ನೂ ಹುಡುಕುತ್ತಿದ್ದಾನೆ.