ವಾಸನೆಯಿಲ್ಲದ ಜಾಕೆಟ್

ಈ ಸಲದ ಬೇಟೆಯಲ್ಲಿ ಭೂಮಂಡಲದ ಯಾವ ಜಿಂಕೆಯ ಮೂಗಿಗೂ ನಾನು ಸಿಗುವುದಿಲ್ಲ ಎಂದು ನವೆಂಬರಿನ ಒಂದು ಸಂಜೆ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಎದ್ದು ನಿಲ್ಲುವ ಅಗತ್ಯವೇನೂ ಇರಲಿಲ್ಲ. ಕೇಳಲು ಇದ್ದವರು ಇಬ್ಬರು. ಅವರಲ್ಲೊಬ್ಬರಿಗೆ ಕಿವಿ ಮಂದ.

"ಏನಂತೆ?" ಎಂದು ಕೇಳಿದರು ಆ ಕಿವಿ ಮಂದದವರು, ಅಂದರೆ ನನ್ನ ಮಾವ ಓನ್ನಿ.

"ಸ್ನಾನ ಮಾಡ್ತಾನಂತೆ," ಎಂದಳು ನನ್ನ ಹೆಂಡತಿ ಐಲಾ.

"ಒಳ್ಳೇದು," ಎಂದು ಮಾವ ಮತ್ತೆ ಸೂಪಿಗೆ ಮರಳಿದರು.

ವಿಷಯ ಅಷ್ಟು ಹಗುರವಾಗಿರಲಿಲ್ಲ. ಸುಪೀರಿಯರ್ ಸರೋವರದ ದಂಡೆಯ ನಮ್ಮ ಊರಿನಲ್ಲಿ ಜಿಂಕೆ ಬೇಟೆ ಶುರುವಾಗುವ ದಿನ ಶಾಲೆಗೆ ರಜೆ, ಅಂಗಡಿಗೆ ಅರ್ಧ ಬಾಗಿಲು. ನಮ್ಮ ಮನೆಯ ಹಿಂದಿನ ಜೌಗಿನ ಅಂಚಿನಲ್ಲಿ, ಬೇಟೆಗೆ ಅಡಗಿ ಕೂರಲು, ಮಾವನ ಹಲಗೆಯ ಗೂಡು ಇದೆ. ಅದರೊಳಗೆ ಮರದ ಬೊಡ್ಡೆಯ ಮೇಲೆ ಹಳೆಯ ಟ್ರ್ಯಾಕ್ಟರಿನ ಕಬ್ಬಿಣದ ಸೀಟು. ಮಾವ ಜೀವಮಾನವಿಡೀ ಅದರ ಮೇಲೆ ಕೂತು, ಪೈಪು ಸೇದುತ್ತಲೇ ಮನೆಗೆ ಮಾಂಸ ತಂದವರು. ಈ ವರ್ಷ ಅವರ ಮಂಡಿ ಕೈಕೊಟ್ಟಿತು. ಸಿಂಹಾಸನ ಖಾಲಿಯಾಯಿತು. ಹಕ್ಕುದಾರರು ಇಬ್ಬರು: ನಾನು ಮತ್ತು ಐಲಾ.

ಮಾವ ತೀರ್ಪು ಕೊಟ್ಟಿದ್ದರು. "ಮೊದಲ ದಿನ ಆರ್ನಿ ಕೂರಲಿ. ಜಿಂಕೆ ತಂದ್ರೆ ಸೀಟು ಅವನದು. ಬರಿಗೈಲಿ ಬಂದ್ರೆ ಮಗಳದು. ಆಮೇಲೆ ಯಾರೂ ತಕರಾರು ತೆಗೀಬಾರ್ದು."

ಕಳೆದ ಐದು ವರ್ಷ ಬರಿಗೈಲಿ ಬಂದವನು ನಾನು. ಈ ಸಲ ವಿಜ್ಞಾನದ ಮೊರೆ ಹೋದೆ. ಊರಿನ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ವಿಷಯ ಸ್ಪಷ್ಟವಿತ್ತು. ವಾಸನೆ ಎಂದರೆ ನಮ್ಮ ಮೈಯಿಂದ ಎದ್ದು ಹಾರುವ ಕಣಗಳು. ಚಳಿಯಲ್ಲಿ ಅವು ಸೋಮಾರಿಗಳಾಗುತ್ತವೆ. ಹಿಮ ಸುರಿಯುವಾಗ ಹಾರಿದ ಕಣಗಳನ್ನೂ ಅದು ಹಿಡಿದು ನೆಲಕ್ಕೆ ತರುತ್ತದೆ. ಬಿಸಿಲು ಬಿದ್ದು ಹಿಮ ಮೆತ್ತಗಾದರೆ ಮಾತ್ರ ಅಪಾಯ, ಮಲಗಿದ್ದ ಕಣಗಳೆಲ್ಲ ಏಳುತ್ತವೆ. ಹಿಮ ಬೀಳುತ್ತಿರುವಾಗ, ಹಿಮದಲ್ಲೇ ಹೂತಿಟ್ಟ ಬಟ್ಟೆ ತೊಟ್ಟು ಕೂತವನು ಜಿಂಕೆಯ ಪಾಲಿಗೆ ಇಲ್ಲವೇ ಇಲ್ಲ.

"ಅಡುಗೆಮನೆಯಲ್ಲಿ ಈರುಳ್ಳಿ ಬೇಡ. ಏಲಕ್ಕಿ ಬ್ರೆಡ್ ಬೇಡ. ಕಾಫಿ ಕೂಡ ಬೇಡ," ಎಂದೆ.

"ಕಾಫಿ ಇಲ್ದಿದ್ರೆ ಈ ಮನೇಲಿ ನಿನ್ನ ವಾಸನೆ ಅಷ್ಟೇ ಅಲ್ಲ, ನೀನೂ ಇರಲ್ಲ," ಎಂದಳು ಐಲಾ.

ಕಾಫಿ ಉಳಿಯಿತು. ಉಳಿದದ್ದನ್ನೆಲ್ಲ ನಾನು ನಿಷ್ಠೆಯಿಂದ ಪಾಲಿಸಿದೆ. ದಿನವೂ ಅಂಗಳದ ಹಬೆಸ್ನಾನದ ಕೊಠಡಿ ಸೌನಾದಲ್ಲಿ ಬೆವರಿ, ಅಡಿಗೆ ಸೋಡಾ ಹಚ್ಚಿ ಮೈ ಉಜ್ಜಿದೆ. ಸಿದ್ಧಾಂತಕ್ಕೆ ಪ್ರಯೋಗ ಬೇಕಲ್ಲ? ಹಿಮ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಸೌನಾದ ಹಿಂದೆ ಅಡಗಿ ಕೂತು, ನಾಯಿ ಮುಸ್ತಿಯನ್ನು ಬಿಡಲು ಹೇಳಿದೆ. ಎಷ್ಟು ಹೊತ್ತಾದರೂ ಅದು ನನ್ನನ್ನು ಹುಡುಕಲಿಲ್ಲ. ಹಲ್ಲು ಕಟಕಟಿಸುತ್ತಾ, ವಿಜಯಿಯಾಗಿ ಒಳಗೆ ಬಂದೆ.

"ನೋಡಿದ್ಯಾ? ಅದರ ಮೂಗಿಗೇ ಸಿಗಲಿಲ್ಲ."

"ಅದು ಬಾಗಿಲು ದಾಟಲೇ ಇಲ್ಲ," ಎಂದಳು ಐಲಾ. "ಒಲೆ ಮುಂದೆ ಮಲಗಿದೆ. ಅದಕ್ಕೆ ಈಗ ತನ್ನ ತಟ್ಟೆನೇ ಸಿಗಲ್ಲ ಆರ್ನಿ."

ಪ್ರಯೋಗ ಯಶಸ್ವಿ ಎಂದೇ ನಾನು ತೀರ್ಮಾನಿಸಿದೆ.

ಕೊನೆಯ ಘಟ್ಟ ಬಟ್ಟೆಯದು. ನನ್ನ ಕಿತ್ತಳೆ ಜಾಕೆಟ್ ಪ್ರಯೋಗಾಲಯದ ಮುಖ್ಯಸ್ಥೆ ಡೊಲೊರೆಸ್ ಕೊಟ್ಟದ್ದು. ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ನಮ್ಮ ವಿಭಾಗದ ಹೆಸರು. ಡೊಲೊರೆಸ್ ತೊರೆಯ ಆಚೆ ಬೇಟೆಯಾಡುತ್ತಾಳೆ. ದಯಾಳು. ನನಗೆ ಸೊಂಟ ನೋವೆಂದು ನಂಬಿ, ನೀರಿನ ದೊಡ್ಡ ಟ್ಯಾಂಕಿನ ಏಣಿ ಹತ್ತುವ ಕೆಲಸದಿಂದ ನನಗೆ ವಿನಾಯಿತಿ ಕೊಟ್ಟಿದ್ದಾಳೆ. ಈ ಜಾಕೆಟ್ಟು, ಉಣ್ಣೆಯ ಪ್ಯಾಂಟು, ಕಾಲುಚೀಲಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಅಳಿದುಳಿದ ಮನುಷ್ಯ ವಾಸನೆ ಮುಚ್ಚಲು ಸುತ್ತಲೂ ಘಮಘಮಿಸುವ ಸೀಡರ್ ಮರದ ಹಸಿ ಸೊಪ್ಪು ತುರುಕಿದೆ. ಬೇಟೆಯ ಹಿಂದಿನ ದಿನ ಡಬ್ಬವನ್ನು ಸೌನಾದ ಪಕ್ಕದ ಹಿಮದಲ್ಲಿ ಹೂತು, ಗುರುತಿಗೆ ಒಂದು ಕೋಲು ನೆಟ್ಟೆ.

ಅದೇ ಮಧ್ಯಾಹ್ನ ಪಕ್ಕದ ಮನೆಯ ವಾಲ್ಟ್, ಕೇಳದೆಯೇ ಉಪಕಾರ ಮಾಡುವ ಸ್ವಭಾವದವನು, ತನ್ನ ಹಿಮ ತಳ್ಳುವ ಗಾಡಿ ತಂದು ನಮ್ಮ ಅಂಗಳವನ್ನು ಕನ್ನಡಿಯಂತೆ ಮಾಡಿ ಹೋದ.

ಮರುದಿನ ಬೆಳಗಿನ ಕತ್ತಲಲ್ಲಿ ನಾನು ದೀಪ ಹಿಡಿದು ಹೊರಗೆ ಬಂದರೆ ಕೋಲು ಇಲ್ಲ. ಅದಿದ್ದ ಜಾಗದಲ್ಲಿ ಸೌನಾದ ಎತ್ತರದ ಹಿಮದ ಗುಡ್ಡ. ಸಲಿಕೆ ತಂದು ಅಗೆದೆ. ಮೈಯೆಲ್ಲ ಬೆವರು. ಎರಡು ವಾರ ಸೋಡಾ ಹಚ್ಚಿ ಓಡಿಸಿದ ಕಣಗಳೆಲ್ಲ ಒಟ್ಟಿಗೆ ಮನೆಗೆ ಮರಳಿದವು. ಡಬ್ಬ ಮಾತ್ರ ಸಿಗಲಿಲ್ಲ. ಆಕಾಶ ಬೆಳ್ಳಗಾಗುತ್ತಿತ್ತು.

"ಅಪ್ಪನ ಕೋಟು ಹಾಕ್ಕೊಂಡು ಹೋಗು," ಎಂದು ಐಲಾ ಬಾಗಿಲಿಂದ ಕೂಗಿದಳು.

ಮಾವನ ಕೋಟು! ಪೈಪಿನ ಹೊಗೆ, ಸೀಮೆಎಣ್ಣೆ, ಒಣಮೀನು, ಮುಸ್ತಿ, ಇವೆಲ್ಲ ಅದರಲ್ಲಿ ಸಂಸಾರ ಹೂಡಿ ದಶಕಗಳಾಗಿವೆ. ಬೇರೆ ದಾರಿಯಿರಲಿಲ್ಲ. ಅದನ್ನೇ ತೊಟ್ಟು, ಅವರ ಕಿತ್ತಳೆ ಟೋಪಿ ಹಾಕಿಕೊಂಡೆ. ಫೋನಿಗೆ ಕೈವಾಸನೆ ಇರುತ್ತದೆಂದು ಅದನ್ನು ಹಿಂದಿನ ದಿನವೇ ಚಮಚದ ಡ್ರಾಯರಿನಲ್ಲಿಟ್ಟಿದ್ದೆ. ಮೈ ತುಂಬ ನಾರುತ್ತಿದ್ದರೂ ಫೋನಿನ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ.

ಟ್ರ್ಯಾಕ್ಟರ್ ಸೀಟು ಮಾವನ ಬೆನ್ನಿನ ಅಳತೆಗೆ ಸವೆದಿತ್ತು. ನನಗೆ ಅದು ಎಲ್ಲೆಲ್ಲೋ ಚುಚ್ಚಿತು. ಆದರೂ ಕೂತಾಗ ಎದೆ ಉಬ್ಬಿತು. ಹಿಮ ಹದವಾಗಿ ಸುರಿಯುತ್ತಿತ್ತು. ನಾನು ಕಾದೆ. ಕಾಲು ಮರಗಟ್ಟುವವರೆಗೆ ಕಾದೆ. ಕೊನೆಗೆ ಮನೆಯ ದಿಕ್ಕಿನ ಮರಗಳ ನಡುವೆ ಏನೋ ಅಲುಗಿತು. ಬಂದೂಕು ಎತ್ತಿದೆ. ಉಸಿರು ಬಿಗಿ ಹಿಡಿದೆ.

ಕಿತ್ತಳೆ ಬಣ್ಣ.

ಕಾಡಿನಲ್ಲಿ ಕಿತ್ತಳೆ ಎಂದರೆ ಬೇಟೆಗಾರ, ಕಂಡರೆ ಬಂದೂಕು ಕೆಳಗೆ. ನಮ್ಮಲ್ಲಿ ಇದು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ. ಕೆಳಗಿಳಿಸಿದೆ. ಮರಗಳ ಸಂದಿಯಲ್ಲಿ, ಸುರಿಯುವ ಹಿಮದ ಹಿಂದೆ, ಭುಜದ ಎತ್ತರಕ್ಕೆ ಆ ಕಿತ್ತಳೆ ನಿಧಾನವಾಗಿ ಸಾಗುತ್ತಿತ್ತು. ವಾಲ್ಟ್! ನಿನ್ನೆ ನನ್ನ ಬಟ್ಟೆ ಹೂತವನು ಇವತ್ತು ನನ್ನ ಜೌಗಿನಲ್ಲೇ ಅಡ್ಡಾಡುತ್ತಿದ್ದಾನೆ. ಆಚೆ ಹೋಗು ಎಂದು ಕೈ ಬೀಸಿದೆ. ಅವನು ನಿಂತ. ಎರಡು ಸಲ ತಲೆಯಾಡಿಸಿದ. ಮಾತಿಲ್ಲದೆ ತಲೆಯಾಡಿಸುವುದು ವಾಲ್ಟನ ಅಭ್ಯಾಸವೇ. ಆಮೇಲೆ ಸಾವಕಾಶವಾಗಿ ತೊರೆಯ ಕಡೆ ಹೊರಟುಹೋದ.

ಮಧ್ಯಾಹ್ನದವರೆಗೆ ಬೇರೊಂದು ಜೀವವೂ ಸುಳಿಯಲಿಲ್ಲ. ಹೆಪ್ಪುಗಟ್ಟಿದ ಮೀಸೆ ಹೊತ್ತು, ವಾಲ್ಟನಿಗೆ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡು, ಅಡುಗೆಮನೆಯ ಬಾಗಿಲು ತಳ್ಳಿದೆ.

ವಾಲ್ಟ್ ಮಾವನ ಎದುರು ಕೂತು ಕಾಫಿ ಕುಡಿಯುತ್ತಿದ್ದ.

"ಯಾವಾಗ ಬಂದೆ?" ಎಂದೆ.

"ಬೆಳಗ್ಗೆಯಿಂದ ಇಲ್ಲೇ ಇದ್ದೀನಿ," ಎಂದ ವಾಲ್ಟ್. "ಅಂಗಳದಲ್ಲಿ ಆದದ್ದು ನೋಡಿದ ಮೇಲೆ ಎದ್ದು ಹೋಗೋ ಮನಸ್ಸೇ ಬರಲಿಲ್ಲ."

"ಫೋನ್ ಮಾಡಿದೆ," ಎಂದಳು ಐಲಾ. "ಚಮಚಗಳು ಎತ್ತಲಿಲ್ಲ."

ಅವಳು ತನ್ನ ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದಳು. ನಾನು ಗುಡ್ಡದ ಈ ಕಡೆ ಅಗೆದಿದ್ದೆ. ಗಾಡಿ ತಳ್ಳಿದ ರಭಸಕ್ಕೆ ಡಬ್ಬ ಆ ಕಡೆ ಬಾಯಿ ತೆರೆದು ಬಿದ್ದಿತ್ತು. ಅಲ್ಲಿ ಮೇಜಿನಷ್ಟು ಅಗಲದ ಕೊಂಬಿನ ಗಂಡು ಜಿಂಕೆ. ಬಾಯಲ್ಲಿ ಸೀಡರ್ ಸೊಪ್ಪು. ಒಂದು ಕೊಂಬು ನನ್ನ ಜಾಕೆಟ್ಟಿನ ತೋಳಿನೊಳಗೆ. ಉಳಿದ ಜಾಕೆಟ್ಟು ಭುಜದ ಮೇಲೆ ನೀಟಾಗಿ ಹರಡಿತ್ತು.

"ಚಳಿಗಾಲದಲ್ಲಿ ಅವು ಊಟ ಮಾಡೋದೇ ಸೀಡರ್," ಎಂದಳು ಐಲಾ. "ನೀನು ಪ್ಯಾಂಟನ್ನ ಅದರ ಊಟದಲ್ಲಿ ಸುತ್ತಿ ಇಟ್ಟಿದ್ದೆ."

ನಾನು ಕುರ್ಚಿ ಹುಡುಕಿ ಕೂತೆ. "ಮತ್ತೆ ನೀನ್ಯಾಕೆ ಹೊಡೀಲಿಲ್ಲ?"

"ಮೊದಲ ದಿನ ನಿನ್ನದು ಅಂತ ಮಾತಾಗಿತ್ತಲ್ಲ." ನನಗೊಂದು ಲೋಟ ಕಾಫಿ ಬಗ್ಗಿಸುತ್ತಾ ಸೇರಿಸಿದಳು, "ಅಲ್ಲದೆ ಕಿತ್ತಳೆ ಹಾಕ್ಕೊಂಡಿತ್ತು. ಗೂಡಿನ ಕಡೆಗೇ ಹೋಯ್ತು. ನಿನಗೆ ಕಾಣಲಿಲ್ವಾ?"

ಎಲ್ಲರೂ ನನ್ನನ್ನು ನೋಡಿದರು. ಕೈ ಬೀಸಿದ್ದನ್ನು ಹೇಳಬಾರದು ಎಂದುಕೊಂಡೆ. ಹೇಳಿಬಿಟ್ಟೆ. ವಾಲ್ಟ್ ಕಾಫಿ ಲೋಟ ಕೆಳಗಿಟ್ಟು ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಬಹಳ ಹೊತ್ತು ಅಲುಗುತ್ತಿತ್ತು.

ಮಾವನಿಗೆ ಐಲಾ ಎಲ್ಲವನ್ನೂ ಕಿವಿಯ ಹತ್ತಿರ ಮತ್ತೊಮ್ಮೆ ಹೇಳಿದಳು. ಅವರು ನಗಲಿಲ್ಲ. ನನ್ನ ತೋಳಿನ ಮೇಲೆ ಕೈಯಿಟ್ಟರು.

"ನಿನ್ನ ವಿಜ್ಞಾನ ಸರಿ ಕಣಪ್ಪ. ಆ ಜಾಕೆಟ್ಟಲ್ಲಿ ಮನುಷ್ಯನ ವಾಸನೆ ಒಂದು ಚೂರೂ ಇರಲಿಲ್ಲ. ಇದ್ದಿದ್ರೆ ಅದು ಹಾಕ್ಕೋತಿತ್ತಾ?" ಆಮೇಲೆ ಮಗಳ ಕಡೆ ತಿರುಗಿ, "ನಾಳೆ ಬೇಗ ಏಳು," ಎಂದರು.

ಮರುದಿನ ಐಲಾ ಸಿಂಹಾಸನವೇರಿದಳು. ಜೇಬಿನಲ್ಲಿ ಮಾಂಸ, ಈರುಳ್ಳಿ ತುಂಬಿ ಸುಟ್ಟ ಕಡುಬು, ಅಂದರೆ ಪ್ಯಾಸ್ಟಿ, ಫ್ಲಾಸ್ಕಿನಲ್ಲಿ ಕಾಫಿ. ಸಂಜೆ ಅವಳು ಬರುವ ಹೊತ್ತಿಗೆ ನಾನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಮತ್ತಷ್ಟು ಪ್ಯಾಸ್ಟಿಗೆ ಕಣಕ ನಾದುತ್ತಿದ್ದೆ. ಜಿಂಕೆ ಅವಳಿಗೂ ಸಿಕ್ಕಿರಲಿಲ್ಲ. ಆದರೆ ಸೀಟು ಅವಳಿಗೆ ಎಲ್ಲೂ ಚುಚ್ಚಲಿಲ್ಲವಂತೆ.

ಡ್ರಾಯರಿನಲ್ಲಿ ನನ್ನ ಫೋನು ರಿಂಗಾಯಿತು. ಅವಳೇ ತೆಗೆದು, ನನಗೂ ಕೇಳಲೆಂದು ಮೇಜಿನ ಮೇಲಿಟ್ಟಳು. ಡೊಲೊರೆಸ್.

"ಐಲಾ, ಆರ್ನಿಗೆ ನನ್ನ ಮೇಲೆ ಏನಾದ್ರೂ ಸಿಟ್ಟಾ? ಇವತ್ತು ತೊರೆಯಾಚೆ ಮರಗಳ ಹಿಂದೆ ಕಂಡ. ನಾನು ಕೊಟ್ಟ ಜಾಕೆಟ್ಟು, ಬೆನ್ನ ಮೇಲಿನ ಅಕ್ಷರ ಓದಿದೆ. ಹೆಸರು ಹಿಡಿದು ಕೂಗಿದೆ. ಮಾತಾಡದೆ ಹೊರಟೇಹೋದ."

ಐಲಾ ನನ್ನನ್ನು ನೋಡಿದಳು. ನಾನು ಹಿಟ್ಟಿನ ಕೈ ಜೋಡಿಸಿ ಬೇಡವೆಂದು ತಲೆಯಾಡಿಸಿದೆ. ಊರಿಗೆಲ್ಲ ಗೊತ್ತಾಗುವುದಕ್ಕಿಂತ ಮುಖ್ಯಸ್ಥೆಯ ಸಿಟ್ಟೇ ವಾಸಿ. ನನ್ನ ಹೆಂಡತಿ ಕರುಣಾಳು.

"ಸಿಟ್ಟಲ್ಲ ಡೊಲೊರೆಸ್. ಸೀಟು ನನ್ನ ಪಾಲಿಗೆ ಬಂತಲ್ಲ, ಸ್ವಲ್ಪ ಬೇಜಾರಿನಲ್ಲಿದ್ದಾನೆ."

"ಪಾಪ," ಎಂದಳು ಡೊಲೊರೆಸ್. "ಆದ್ರೂ ಒಂದು ಸಂತೋಷ. ಹೋಗುವಾಗ ನಮ್ಮ ಬೇಲೀನ ಒಂದೇ ನೆಗೆತಕ್ಕೆ ಹಾರಿದ. ಸೊಂಟ ಪೂರ್ತಿ ವಾಸಿಯಾದ ಹಾಗಿದೆ. ಸೋಮವಾರದಿಂದ ಟ್ಯಾಂಕಿನ ಏಣಿ ಅವನೇ ಹತ್ತಲಿ ಅಂತ ಹೇಳು."